ಎಡಗಡೆಯ ಹುಣಸೆಬೀಜ

ನಮ್ಮ ಯಜಮಾನರಿಗೆ ಈಗ ಎಡಗಡೆ ಒಂದು ಗೇಣಿನಷ್ಟು ಕಾಣುತ್ತದೆ. ಒಂದು ಗೇಣು ಏನು ಮಹಾ ಎಂದು ಮೂಗು ಮುರಿಯಬೇಡಿ. ಹೋದ ವರ್ಷ ಆ ಕಡೆ ಆನೆ ಬಂದು ನಿಂತಿದ್ದರೂ ಅವರಿಗೆ ಕಾಣುತ್ತಿರಲಿಲ್ಲ. ಆ ಗೇಣನ್ನು ಗಳಿಸಿಕೊಟ್ಟವಳು ನಾನು ಎಂದು ನನ್ನ ತಮ್ಮ ಸಣ್ಣಪ್ಪ ಕಂಡಕಂಡವರಿಗೆಲ್ಲ ಹೇಳುತ್ತಾನೆ. ಅದಕ್ಕೂ ಮೊದಲು ಮೂರು ತಿಂಗಳು ಅದು ಬರದಂತೆ ನೋಡಿಕೊಂಡವಳೂ ನಾನೇ ಎಂಬುದನ್ನು ಮಾತ್ರ ಅವನು ಹೇಳುವುದಿಲ್ಲ. ಅದನ್ನು ನಾನೇ ಹೇಳಬೇಕು.

ಇವರ ಹೆಸರು ಪರಶುರಾಮ. ಉಳವಿಯಿಂದ ಸೊರಬಕ್ಕೆ ಮೂವತ್ತೊಂದು ವರ್ಷ ಟೆಂಪೊ ಓಡಿಸಿದವರು. ಮಂಗಳವಾರ, ಶುಕ್ರವಾರ ಚಂದ್ರಗುತ್ತಿಯ ಭಕ್ತರಿಗಾಗಿ ಒಂದು ಟ್ರಿಪ್ಪು ಜಾಸ್ತಿ. ಅಷ್ಟು ವರ್ಷದಲ್ಲಿ ಒಂದು ಕೋಳಿಯ ಮೇಲೂ ಚಕ್ರ ಹತ್ತಿಸಿದವರಲ್ಲ, ಇದನ್ನು ದಿನಕ್ಕೆ ಎರಡು ಸಲವಾದರೂ ಅವರ ಬಾಯಿಂದ ಕೇಳಬೇಕಿತ್ತು. ಗಾಡಿಯ ವಿಷಯದಲ್ಲಿ ಎಷ್ಟು ಜಾಗ್ರತೆಯೋ ಮನುಷ್ಯರ ವಿಷಯದಲ್ಲಿ ಅಷ್ಟೇ ಅಸಡ್ಡೆ. ನಮಸ್ಕಾರ ಅಂದರೆ "ಹೂಂ". ಊಟ ಆಯ್ತಾ ಅಂದರೆ "ಹೂಂ". ಮದುವೆಯಾಗಿ ನಲವತ್ತು ವರ್ಷವಾಯಿತು, ನನ್ನ ಅಡಿಗೆಗೂ ಅದೇ "ಹೂಂ". ಹೀಗಾಗಿ ಅವರ ಅರ್ಧ ದೃಷ್ಟಿ ಹೋದಾಗ ಐದು ದಿನ ಅದು ಯಾರಿಗೂ ಗೊತ್ತಾಗಲಿಲ್ಲ. ಕಣ್ಣು ನೆಟ್ಟಗಿದ್ದಾಗಲೂ ಅವರು ಯಾರನ್ನೂ ನೆಟ್ಟಗೆ ನೋಡಿದವರಲ್ಲವಲ್ಲ.

ನಾನು ಹನುಮಮ್ಮ. ಉಳವಿಯ ಹತ್ತಿರದ ನಮ್ಮ ಊರಿನಲ್ಲೇ ಮೂವತ್ತೆಂಟು ವರ್ಷ ಅಂಗನವಾಡಿ ಟೀಚರ್ ಆಗಿದ್ದೆ. ಊರಿನ ಅರ್ಧ ಜನ ನನ್ನ ಮುಂದೆ ಕೂತು ಒಂದು ಎರಡು ಕಲಿತವರು. ಇದನ್ನು ಮೊದಲು ಎದೆಯುಬ್ಬಿಸಿ ಹೇಳುತ್ತಿದ್ದೆ. ಈಗ ಸ್ವಲ್ಪ ಮೆಲ್ಲಗೆ ಹೇಳುತ್ತೇನೆ.

ಮೊದಲು ಎಡವಟ್ಟಾಗಿದ್ದು ಸಣ್ಣಪ್ಪನ ಮನೆಯ ಗೃಹಪ್ರವೇಶದಲ್ಲಿ. ಪಂಕ್ತಿಯಲ್ಲಿ ಕೂತ ಇವರು ಅನ್ನ ಬರುವ ಮೊದಲೇ ಕೂಗು ಹಾಕಿದರು. "ಎಂಥದ್ದೋ ಇದು? ಉಪ್ಪಿಲ್ಲ, ಉಪ್ಪಿನಕಾಯಿ ಇಲ್ಲ, ಕೋಸಂಬರಿ ಇಲ್ಲ. ಊಟಕ್ಕೆ ಕರ್ದಿದ್ದೋ, ಎಲೆ ತೋರ್ಸಕ್ಕೆ ಕರ್ದಿದ್ದೋ?" ಬಡಿಸುವವನು ಕಣ್ಣು ಬಿಟ್ಟ. ಎಲೆಯ ಎಡತುದಿಯಲ್ಲಿ ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಎಲ್ಲವೂ ಇತ್ತು. ಆದರೆ ಮನೆಯ ಅಳಿಯ ಸಿಟ್ಟಾಗಿ ಇಲ್ಲ ಅಂದಮೇಲೆ ಇದೆ ಎನ್ನುವ ಧೈರ್ಯ ಯಾರಿಗಿದೆ? ಮತ್ತೊಮ್ಮೆ ಬಡಿಸಿದರು. ಇವರು ಮತ್ತೂ ಇಲ್ಲ ಅಂದರು. ಮೂರು ಸಲ ಬಡಿಸಿದ ಉಪ್ಪಿನಕಾಯಿ ಎಲೆಯಿಂದ ಹರಿದು ನೆಲಕ್ಕಿಳಿಯಿತು. ಊಟವಾದ ಮೇಲೆ ಸಣ್ಣಪ್ಪ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಎಡಗಡೆಯಿಂದ ಬಂದು ಹಲ್ಲು ಕಿರಿದು ನಿಂತ. ಇವರು ಅವನನ್ನು ನೋಡದೆ ಎದ್ದು ಹೋದರು.

ಎಲೆ ಅಡಿಕೆ ಮುಟ್ಟದೆ ಎದ್ದು ಹೋಗುವುದೆಂದರೆ ನಮ್ಮ ಕಡೆ ಸಂಬಂಧ ಹರಿದ ಹಾಗೆ. ಸಣ್ಣಪ್ಪ ಅಂದು ರಾತ್ರಿಯೇ ಫೋನು ಮಾಡಿ, "ಅಕ್ಕಾ, ಬಾವಂಗೆ ನಾನೇನು ಅನ್ಯಾಯ ಮಾಡಿದೀನಿ ಹೇಳು" ಎಂದು ಅತ್ತ. ಬಾಗಿಲ ದಿಕ್ಕನ್ನು ಬಾವನ ಹತ್ತಿರ ಕೇಳದೆ ಇಟ್ಟಿದ್ದಕ್ಕೇ ಈ ಸಿಟ್ಟು ಎಂದು ಅವನೇ ತೀರ್ಮಾನಿಸಿದ. ನನಗೂ ಅದೇ ಸರಿ ಅನ್ನಿಸಿತು.

ಮಾರನೇ ದಿನದಿಂದ ದಾರಿಯುದ್ದಕ್ಕೂ ದೂರು. ಟೆಂಪೊಗೆ ಕಾಯುವ ಜನ ನಿಲ್ಲುವುದೆಲ್ಲಿ? ರಸ್ತೆಯ ಎಡಗಡೆ. ಕೈ ಅಡ್ಡ ಹಿಡಿದವರನ್ನೆಲ್ಲ ಬಿಟ್ಟು ಇವರು ಖಾಲಿ ಗಾಡಿ ಓಡಿಸಿಕೊಂಡು ಸೊರಬ ತಲುಪಿದರು. "ಪರಶುರಾಮಣ್ಣಂಗೆ ಸೊಕ್ಕು ನೆತ್ತಿಗೇರೈತೆ" ಎಂದು ಜನ ಮಾತಾಡಿಕೊಂಡರು. ಮೂರನೇ ದಿನ ಗಾಡಿಯ ಎಡಗನ್ನಡಿ ಒಂದು ಕರೆಂಟು ಕಂಬಕ್ಕೆ ತಗುಲಿ ಒಡೆಯಿತು. ಕಂಬ ರಸ್ತೆಗೆ ಬಂದಿದೆ ಎಂದು ಇವರು ಕಂಬವನ್ನೇ ಬೈದರು. ಪಕ್ಕದ ಮನೆಯ ಗುಡ್ಡಮ್ಮ ಬಂದು, "ದೃಷ್ಟಿ ಆಗೈತೆ ಕಣೇ, ಆ ಪಾಟಿ ದುಡಿಯೋ ಗಂಡಸಿಗೆ" ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಹೀಗೆ ಅರ್ಧ ದೃಷ್ಟಿ ಹೋದವರಿಗೆ ನಾವೆಲ್ಲ ಸೇರಿ ದೃಷ್ಟಿ ತೆಗೆದೆವು. ಐದನೇ ದಿನ ಅವರು ನಮ್ಮ ಮನೆಯ ಬಾಗಿಲ ಎಡ ಚೌಕಟ್ಟಿಗೆ ಹಣೆ ಗುದ್ದಿಕೊಂಡರು. ನಲವತ್ತು ವರ್ಷ ದಿನಾ ದಾಟಿದ ಬಾಗಿಲು ಅದು. ಆಗ ನಾನು ಅವರನ್ನು ಸೊರಬಕ್ಕೆ ಹೊರಡಿಸಿದೆ.

ಸೊರಬದ ಕಣ್ಣಿನ ಡಾಕ್ಟರು ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ತಲೆಯ ಸ್ಕ್ಯಾನು ಮಾಡಿ, ಲಕ್ವ ಹೊಡೆದಿದೆ ಎಂದರು. ಇವರು ಎರಡೂ ಕೈ ಎತ್ತಿ, ಎರಡೂ ಕಾಲು ಝಾಡಿಸಿ ತೋರಿಸಿ, "ಎಲ್ಲಿ ಹೊಡ್ದೈತೆ, ನೀವೇ ನೋಡಿ ಹೇಳಿ" ಎಂದು ಡಾಕ್ಟರಿಗೇ ಸವಾಲು ಹಾಕಿದರು. ಡಾಕ್ಟರು ನಕ್ಕು ವಿವರಿಸಿದರು. ಲಕ್ವ ಹೊಡೆದದ್ದು ತಲೆಯ ಹಿಂಭಾಗಕ್ಕೆ, ನೋಟದ ಕೆಲಸ ನಡೆಯುವ ಜಾಗಕ್ಕೆ. ಕಣ್ಣು ಎರಡೂ ಚೆನ್ನಾಗಿವೆ, ಆದರೆ ಎರಡರಲ್ಲೂ ಎಡಗಡೆಯ ಅರ್ಧ ಕಾಣುವುದಿಲ್ಲ. ಮಾತ್ರೆ ಬರೆದರು. ಕೊನೆಗೆ, "ಗಾಡಿ ಮಾತ್ರ ಮುಟ್ಟಬೇಡಿ" ಎಂದರು.

"ಎಷ್ಟು ದಿನ?"

"ಎಡಗಡೆ ಕಾಣುವವರೆಗೆ."

ಉಳಿದದ್ದನ್ನೆಲ್ಲ "ಹೂಂ" ಎಂದು ಕೇಳಿದ ಮನುಷ್ಯ ಈ ಒಂದು ಮಾತಿಗೆ ಕುಸಿದು ಕೂತರು. ಗಾಡಿಗೆ ಶಿವಶಂಕರನನ್ನು ಡ್ರೈವರಾಗಿ ಹಾಕಿದೆವು. ನಲವತ್ತೆರಡು ವರ್ಷದ ಸಂಸಾರಸ್ಥ, ನನ್ನ ಅಂಗನವಾಡಿಯ ಮೊದಲನೇ ತಂಡದವನು. ಅವನು ಗಾಡಿ ತೆಗೆದಾಗ ಇವರು ಜಗಲಿಯಲ್ಲಿ ಕೂತು, "ಸೆಕೆಂಡ್ ಗೇರಲ್ಲೇ ಎಳಿತಾ ಇದಾನೆ, ದರಿದ್ರದವ್ನು" ಎಂದು ಗೊಣಗುತ್ತಿದ್ದರು. ಸಂಜೆ ಗಾಡಿ ಬಂದು ನಿಂತ ಮೇಲೆ ಯಾರೂ ಇಲ್ಲದಾಗ ಹೋಗಿ ಡ್ರೈವರ್ ಸೀಟಿನಲ್ಲಿ ಕೂತು, ಸ್ಟೇರಿಂಗ್ ಹಿಡಿದು, ಸುಮ್ಮನೆ ಮುಂದೆ ನೋಡುತ್ತಿದ್ದರು. ಒಂದು ದಿನ ಅದನ್ನು ಹಿತ್ತಲಿಂದ ಕಂಡು ನನಗೆ ಅಳು ತಡೆಯಲಾಗಲಿಲ್ಲ. ಈ ಮನುಷ್ಯನನ್ನು ಮತ್ತೆ ಆ ಸೀಟಿನಲ್ಲಿ ಕೂರಿಸಿಯೇ ಸೈ ಎಂದುಕೊಂಡೆ.

ಶಿಕಾರಿಪುರದ ಒಂದು ಚಿಕಿತ್ಸಾಲಯಕ್ಕೆ ಪ್ರತಿ ಗುರುವಾರ ಕರುಣಾ ಎನ್ನುವ ಹುಡುಗಿ ಬರುತ್ತಾಳೆ, ಹೀಗೆ ನೋಟ ಕಳಕೊಂಡವರಿಗೆ ತರಬೇತಿ ಕೊಡುತ್ತಾಳೆ ಎಂದು ಗೊತ್ತಾಯಿತು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಹೋದೆವು. ಹುಡುಗಿ ಶಿಕಾರಿಪುರದ ಕಡೆಯವಳೇ, ಮಾತು ನೇರ.

"ಪೂರಾ ಬರ್ತತಿ ಅಂತ ನಾ ಸುಳ್ಳು ಹೇಳಂಗಿಲ್ರಿ. ಕಾಣೋ ಜಾಗಕ್ಕೂ ಕಾಣದ ಜಾಗಕ್ಕೂ ನಡುವೆ ಒಂದು ಬದು ಇರ್ತತಿ. ಆ ಬದುವಿನ ಮ್ಯಾಲೆ ದಿನಾ ಕೆಲಸ ಮಾಡಿದ್ರೆ ಸ್ವಲ್ಪ ಸ್ವಲ್ಪ ಆಚೆ ಸರಿಬಹುದು."

"ಒತ್ತುವರಿ ಮಾಡ್ದಂಗೆ" ಎಂದರು ಇವರು.

"ಹಾಂ, ಹಂಗೇ ಅನ್ಕೊಳ್ರಿ. ಆದ್ರ ಒಂದೇ ದಿನಕ್ಕ ಎಕರೆ ಕೇಳಬ್ಯಾಡ್ರಿ."

ಇವರು ನಕ್ಕರು. ಕಾಯಿಲೆ ಬಂದ ಮೇಲೆ ನಕ್ಕಿದ್ದು ಅದೇ ಮೊದಲು.

ಕರುಣಾ ಎರಡು ಪಾಠ ಹೇಳಿಕೊಟ್ಟಳು. ಮೊದಲನೆಯದು, ಎಲ್ಲಿ ಹೋದರೂ ತಲೆಯನ್ನು ಎಡಕ್ಕೆ ತಿರುಗಿಸಿ ತಿರುಗಿಸಿ ನೋಡುವುದು. ಇದನ್ನು ಇವರು ಬರುವ ಬಸ್ಸಿನಲ್ಲೇ ಶುರು ಮಾಡಿದರು. ಎಡಗಡೆಯ ಸೀಟಿನಲ್ಲಿ ಕೂತಿದ್ದ ಹೆಂಗಸು ಹತ್ತು ಸಲ ಸಹಿಸಿದಳು. ಹನ್ನೊಂದನೇ ಸಲಕ್ಕೆ, "ಏನ್ರೀ ಯಜಮಾನ್ರೆ, ವಯಸ್ಸಿಗೆ ಮರ್ಯಾದಿ ಇಲ್ವಾ?" ಎಂದು ಎದ್ದು ನಿಂತಳು. "ಡಾಕ್ಟ್ರು ಹೇಳಿದಾರಮ್ಮ, ಎಡಗಡೆ ನೋಡ್ಬೇಕು ಅಂತ" ಎಂದೆ ನಾನು. "ಯಾವ ಡಾಕ್ಟ್ರು ರೀ ಹಿಂಗೆ ಬರ್ಕೊಡೋದು?" ಎಂದಳು ಅವಳು. ಬಸ್ಸಿಗೆ ಬಸ್ಸೇ ನಕ್ಕಿತು. ಸೊರಬ ಬರುವವರೆಗೆ ಇವರು ಕಣ್ಣು ಮುಚ್ಚಿಕೊಂಡು ಕೂತರು.

ಎರಡನೆಯ ಪಾಠ ಮನೆಯಲ್ಲಿ ಮಾಡುವುದು. ಇವರು ನನ್ನ ಎದುರು ಕೂತು ನನ್ನ ಮೂಗಿನ ತುದಿಯನ್ನೇ ನೋಡಬೇಕು. ತಲೆ ಅಲ್ಲಾಡಿಸಬಾರದು, ಕಣ್ಣು ಸರಿಸಬಾರದು. ನಾನು ಅವರ ಎಡಗಡೆಗೆ, ಬದುವಿನ ಆಚೆಗೆ, ಅಂಗೈಯಲ್ಲಿ ಕೆಲವು ಹುಣಸೆಬೀಜ ಇಟ್ಟು ಹಿಡಿಯಬೇಕು. ಎಷ್ಟು ಬೀಜ ಎಂದು ಅವರು ಹೇಳಬೇಕು. ಬೆಳಿಗ್ಗೆ ಇಪ್ಪತ್ತು ಸಲ, ಸಂಜೆ ಇಪ್ಪತ್ತು ಸಲ. ಎಷ್ಟು ಸರಿ ಎಂದು ಬರೆದಿಡಬೇಕು.

ಬರೆದಿಡುವುದೆಂದರೆ ನನಗೆ ಹಬ್ಬ. ಅಂಗನವಾಡಿಯಲ್ಲಿ ಹದಿನಾಲ್ಕು ರಿಜಿಸ್ಟರು ಬರೆದ ಕೈ ಇದು. ಇನ್ನೂರು ಪುಟದ ನೋಟ್‌ಬುಕ್ ತಂದೆ, ಕೆಂಪು ಗೆರೆ ಎಳೆದೆ, ದಿನಾಂಕ, ಹೊತ್ತು, ಸರಿ, ತಪ್ಪು, ಷರಾ ಎಂದು ಕಾಲಂ ಮಾಡಿದೆ. ಮೊದಲ ದಿನ ಇಪ್ಪತ್ತಕ್ಕೆ ಮೂರು. ಹತ್ತನೇ ದಿನ ಇಪ್ಪತ್ತಕ್ಕೆ ಏಳು. ತಿಂಗಳು ತುಂಬುವಾಗ ಹದಿಮೂರು. ಎರಡನೇ ತಿಂಗಳಿಗೆ ಹದಿನೆಂಟು. ಗೌರಿ ಹಬ್ಬದ ದಿನ ಇಪ್ಪತ್ತಕ್ಕೆ ಇಪ್ಪತ್ತು.

ಆ ಸಂಜೆ ಇವರು ನೋಟ್‌ಬುಕ್ಕನ್ನು ಕೈಗೆ ತಗೊಂಡು ಪುಟ ತಿರುವಿ ಹೇಳಿದರು. "ನೀನು ಟೀಚರು ಹೌದು ಕಣೇ. ಶಿವಮೊಗ್ಗದ ಡಾಕ್ಟ್ರ ಕೈಲಿ ಆಗದ್ದು ನಿನ್ನ ಕೈಲಿ ಆಯ್ತು."

ನಲವತ್ತು ವರ್ಷ "ಹೂಂ" ತಿಂದು ಬದುಕಿದವಳಿಗೆ ಒಂದೇ ಸಲ ಎರಡು ವಾಕ್ಯ! ನಾನು ಒಳಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡೆ. ಆಮೇಲೆ ನನ್ನನ್ನು ಹಿಡಿಯುವವರಿಲ್ಲ. ಬಂದವರಿಗೆಲ್ಲ ನೋಟ್‌ಬುಕ್ಕು ತೋರಿಸಿದೆ. ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಅರ್ಧ ಗಂಟೆ ಭಾಷಣ ಮಾಡಿದೆ. ಜನ ಸಂಜೆ ಹೊತ್ತು ನಮ್ಮ ಜಗಲಿಗೆ ಬಂದು ಕೂತು, ನಾನು ಬೀಜ ಹಿಡಿಯುವುದನ್ನು, ಇವರು ಸರಿಯಾಗಿ ಹೇಳುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಿದ್ದರು. ಸಣ್ಣಪ್ಪ ಸಿಟ್ಟು ಮರೆತು ಬಂದು, "ನಮ್ಮಕ್ಕ ಅಂದ್ರೆ ಏನ್ ಅನ್ಕೊಂಡಿದೀರಾ?" ಎಂದು ಮೀಸೆ ತಿರುವಿದ. ಆಯುಧಪೂಜೆ ಮುಗಿದ ಮೇಲಿನ ಶುಕ್ರವಾರ ತಾವೇ ಗಾಡಿ ತೆಗೆದು ಚಂದ್ರಗುತ್ತಿಗೆ ಹೋಗುವುದೆಂದು ಇವರು ಸಾರಿದರು.

ಅದಕ್ಕೆ ಎಂಟು ದಿನ ಮುಂಚೆ ಶಿಕಾರಿಪುರದಲ್ಲಿ ಪರೀಕ್ಷೆ. ಬೋಗುಣಿಯಂಥ ಒಂದು ಮಿಷಿನ್ನು, ಅದರೊಳಗೆ ಮುಖ ಇಟ್ಟು ನಡುವಿನ ದೀಪವನ್ನೇ ನೋಡಬೇಕು, ಎಲ್ಲಾದರೂ ಬೆಳಕಿನ ಚುಕ್ಕಿ ಕಂಡರೆ ಗುಂಡಿ ಒತ್ತಬೇಕು. ನಾನು ಹೊರಗೆ ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡು, ಕರುಣಾ ಏನು ಹೊಗಳುತ್ತಾಳೋ ಎಂದು ಕಾದು ಕೂತಿದ್ದೆ. ಅವಳು ಬಂದು ಕಾಗದ ಹಿಡಿದಳು. ಬಲಗಡೆ ಬಿಳಿ, ಎಡಗಡೆ ಕಪ್ಪು. ಮೂರು ತಿಂಗಳ ಹಿಂದಿನ ಕಾಗದವನ್ನು ಪಕ್ಕಕ್ಕಿಟ್ಟಳು. ಎರಡೂ ಒಂದೇ.

"ಏನೂ ಬದಲಾಗಿಲ್ರಿ. ಗಾಡಿ ಓಡಿಸೋ ಮಾತೇ ಇಲ್ಲ" ಎಂದಳು.

"ನಿಮ್ಮ ಮಿಷಿನ್ನು ಕೆಟ್ಟೈತೆ" ಎಂದರು ಇವರು. "ಮನೇಲಿ ಇಪ್ಪತ್ತಕ್ಕೆ ಇಪ್ಪತ್ತು ಹೇಳೋ ಕಣ್ಣು ಇಲ್ಲಿ ಬಂದ ಕೂಡ್ಲೇ ಕುರುಡಾಗುತ್ತಾ? ಶುಕ್ರವಾರ ನಾನು ಗಾಡಿ ತೆಗಿಯೋನೇ." ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಟ್ಟರು.

ನಾನು ಉಳಿದೆ. ಸಿಟ್ಟು ಬಂದಿತ್ತು. ನೋಟ್‌ಬುಕ್ಕು ಬಿಚ್ಚಿ ಮೇಜಿನ ಮೇಲೆ ಬಡಿದೆ. "ನೋಡಮ್ಮ ಇಲ್ಲಿ. ಒಂದು ದಿನ ತಪ್ಪಿಸಿಲ್ಲ. ಮೂವತ್ತೆಂಟು ವರ್ಷ ಪಾಠ ಹೇಳಿದವಳು ನಾನು."

ಕರುಣಾ ಪುಟಗಳನ್ನು ನೋಡಿದಳು. ಆಮೇಲೆ ನನ್ನೆದುರು ಕೂತು, "ಅಮ್ಮಾರೆ, ಹೆಂಗ್ ಮಾಡ್ತೀರಿ, ನನಗೊಮ್ಮೆ ಮಾಡಿ ತೋರ್ಸ್ರಿ. ಬೀಜ ಹಿಡಿಯೋ ಕೈ ಮೇಜಿನ ಕೆಳಗೆ ಇರ್ಲಿ" ಎಂದಳು. ಮೇಜಿನ ಕೆಳಗೆ ಇಟ್ಟರೆ ಯಾರಿಗೆ ಕಾಣುತ್ತದೆ? ತಲೆ ಕೆಟ್ಟ ಹುಡುಗಿ ಎಂದುಕೊಂಡು ಚೀಲದಿಂದ ಬೀಜ ತೆಗೆದು ಹಿಡಿದೆ, ಅವಳ ಮುಖ ನೋಡಿದೆ.

"ನಾಕು" ಎಂದಳು. ನಾಲ್ಕೇ ಇತ್ತು.

ಮತ್ತೆ ಹಿಡಿದೆ. "ಎರಡು." ಸರಿ. "ಐದು." ಸರಿ. "ಮೂರು." ಅದೂ ಸರಿ.

"ನಿಮ್ ತುಟಿ ಅಲ್ಲಾಡ್ತಾವ್ರಿ ಅಮ್ಮಾರೆ" ಎಂದಳು ಕರುಣಾ, ಬಹಳ ಮೆಲ್ಲಗೆ. "ಎಷ್ಟು ಅಂತ ಕೇಳಿ, ನೀವೇ ಒಳಗೊಳಗೆ ಉತ್ತರ ಹೇಳ್ತೀರಿ. ಅವರು ನೋಡೋದು ನಿಮ್ ಮುಖಾನ, ಬೀಜಾನಲ್ಲ. ಅವರಿಗೂ ಇದು ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ."

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಯಾಕೆಂದರೆ ಅದು ಎಲ್ಲಿಂದ ಬಂತು ಎಂದು ಆ ಕ್ಷಣವೇ ತಿಳಿಯಿತು. ತಾಲ್ಲೂಕಿನಿಂದ ಮೇಲ್ವಿಚಾರಕಿ ಬಂದಾಗಲೆಲ್ಲ ಮಕ್ಕಳನ್ನು ನಿಲ್ಲಿಸಿ ಕೇಳುವರು: ಇದು ಯಾವ ಬಣ್ಣ, ಇವು ಎಷ್ಟು ಮಣಿ. ನಾನು ಅವರ ಬೆನ್ನ ಹಿಂದೆ ನಿಂತು, ಶಬ್ದ ಮಾಡದೆ, ತುಟಿಯಲ್ಲೇ ಹೇಳುವೆನು: ಕೆಂಪು. ಹಸಿರು. ಆರು. ಮಕ್ಕಳು ನನ್ನ ಮುಖ ನೋಡಿಕೊಂಡು ಘಂಟೆ ಹೊಡೆದ ಹಾಗೆ ಹೇಳುವುವು. ನಮ್ಮ ಕೇಂದ್ರಕ್ಕೆ ಮೂರು ಸಲ ಬಹುಮಾನ ಬಂದಿದೆ. ಮೂವತ್ತೆಂಟು ವರ್ಷದಲ್ಲಿ ಬಾಯಿಗೆ ಅದೇ ಅಭ್ಯಾಸವಾಗಿ, ಮನಸ್ಸನ್ನು ಕೇಳದೇ ತುಟಿ ಆಡುವ ಹಾಗಾಗಿತ್ತು.

"ಅವರಿಗೆ ನೀವೇ ಹೇಳ್ರಿ" ಎಂದಳು ಕರುಣಾ. "ಬಾಯಿ ಮುಚ್ಚಿಕೊಂಡು ಮೊದಲಿಂದ ಶುರು ಮಾಡ್ರಿ. ಇನ್ನೂ ಹೊತ್ತು ಮೀರಿಲ್ಲ. ಗಾಡಿ ಮಾತ್ರ ಹತ್ತಿಸಬ್ಯಾಡ್ರಿ."

ಹೇಳಬೇಕಿತ್ತು. ಬಸ್ಸಿನಲ್ಲೇ ಹೇಳೋಣ ಎಂದು ಬಾಯಿ ತೆರೆದೆ. "ಆ ಹುಡುಗಿಗೆ ಏನು ಗೊತ್ತು, ನಿನ್ನ ಅರ್ಧ ವಯಸ್ಸಿಲ್ಲ" ಎಂದರು ಇವರು. ನಾನು ಬಾಯಿ ಮುಚ್ಚಿದೆ. ಮನೆಯಲ್ಲಿ ಹೇಳೋಣ ಎಂದುಕೊಂಡೆ. ಜಗಲಿಯ ತುಂಬ ಜನ ಕಾಯುತ್ತಿದ್ದರು, ಮಿಷಿನ್ನು ಕೆಟ್ಟಿತ್ತಂತೆ ಎಂದು ಇವರು ಹೇಳಿದರು, ಎಲ್ಲರೂ ನಂಬಿದರು. ಮಾರನೇ ದಿನ ಬೆಳಿಗ್ಗೆ ತುಟಿಯನ್ನು ಬಿಗಿಯಾಗಿ ಕಚ್ಚಿಕೊಂಡು ಬೀಜ ಹಿಡಿದೆ. ಇವರು ಒಂದಕ್ಕೂ ಸರಿ ಹೇಳಲಿಲ್ಲ. ಐದನೇ ಸಲಕ್ಕೆ, "ಯಾಕೇ, ಮೈಯಲ್ಲಿ ಹುಷಾರಿಲ್ವಾ? ಮುಖ ಒಂಥರಾ ಬಿಗ್ದುಕೊಂಡಿದೀಯ" ಎಂದರು. ಕಾಳಜಿಯಿಂದಲೇ ಕೇಳಿದರು, ಪಾಪ. ನಾನು ಆರನೇ ಸಲ ತುಟಿ ಸಡಿಲ ಬಿಟ್ಟೆ. "ಮೂರು" ಎಂದು ಸಂತೋಷದಿಂದ ಹೇಳಿದರು. ಈ ಸಲ ನಾನು ಗೊತ್ತಿದ್ದೂ ಮಾಡಿದೆ. ಅವರ ಕಣ್ಣಿಗಿಂತ ನನ್ನ ನೋಟ್‌ಬುಕ್ಕು ನನಗೆ ದೊಡ್ಡದಾಗಿತ್ತು, ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಶುಕ್ರವಾರದವರೆಗೆ ಅವರ ಮನಸ್ಸು ತಾನಾಗಿ ಬದಲಾಗಬಹುದು, ಗಾಡಿ ಕೆಡಬಹುದು, ಮಳೆ ಬರಬಹುದು ಎಂದು ಹಾರೈಸುತ್ತ ದಿನ ತಳ್ಳಿದೆ.

ಶುಕ್ರವಾರ ಬಂತು. ಮಳೆಯೂ ಇಲ್ಲ, ಗಾಡಿಯೂ ಕೆಟ್ಟಿಲ್ಲ. ಶಿವಶಂಕರ ಬೆಳಿಗ್ಗೆಯೇ ಗಾಡಿ ತೊಳೆದು, ಚೆಂಡುಹೂವಿನ ಹಾರ ಹಾಕಿ, ಕುಂಕುಮ ಹಚ್ಚಿ ನಿಲ್ಲಿಸಿದ್ದ. ಹನ್ನೊಂದು ಜನ ಭಕ್ತರು ಹತ್ತಿ ಕೂತರು, ಅದರಲ್ಲಿ ಒಬ್ಬಳು ಎಳೆ ಬಾಣಂತಿ, ಮಡಿಲಲ್ಲಿ ಕೂಸು. ಇವರು ಬಿಳಿ ಅಂಗಿ ತೊಟ್ಟು, ಶಿವಶಂಕರನ ಕೈಯಿಂದ ಕೀಲಿ ತಗೊಂಡು ಸೀಟಿಗೇರಿದರು. ಸಣ್ಣಪ್ಪ ತಮಟೆ ಹೊಡೆಸಿದ, ಧೂಪ ಹಾಕಿದ, ಕುಂಬಳಕಾಯಿ ಒಡೆದ. ಚಕ್ರಕ್ಕೆ ನಿಂಬೆಹಣ್ಣು ಇಡುವುದು ಗುಡ್ಡಮ್ಮನ ಪಾಲಿನ ಕೆಲಸ. ಹಿಂದಿನ ಎರಡು ಚಕ್ರಕ್ಕೆ ಇಟ್ಟಳು, ಮುಂದಿನ ಬಲಚಕ್ರಕ್ಕೆ ಇಟ್ಟಳು, ಆಮೇಲೆ ಮುಂದಿನ ಎಡಚಕ್ರಕ್ಕೆ ಇಡಲು ಹೋಗಿ ಸೊಂಟ ಬಗ್ಗಿಸಿದಳು.

ಇವರು ಗಾಡಿ ಸ್ಟಾರ್ಟ್ ಮಾಡಿದರು. ಬಲಕ್ಕೆ ನೋಡಿದರು, ಮುಂದೆ ನೋಡಿದರು. "ಎಲ್ಲಾ ಸರ್ಕೊಂಡ್ರಾ?" ಎಂದು ಕೇಳಿದರು. ತಮಟೆಯ ಸದ್ದಿನಲ್ಲಿ ಯಾರಿಗೂ ಅದು ಕೇಳಲಿಲ್ಲ. ಗೇರು ಬಿದ್ದ ಸದ್ದು ನನಗೆ ಕೇಳಿಸಿತು.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಎರಡೂ ಕೈಯಲ್ಲಿ ಗಾಡಿಯ ಮುಂಭಾಗಕ್ಕೆ ಬಡಿದು, "ನಿಲ್ಸಿ! ಗುಡ್ಡಮ್ಮ! ಗುಡ್ಡಮ್ಮ ಅಲ್ಲೇ ಇದಾಳೆ!" ಎಂದು ಅರಚಿದೆ. ಗಾಡಿ ಒಂದು ಮೊಳ ಮುಂದೆ ಸರಿದು ನಿಂತಿತು. ಗುಡ್ಡಮ್ಮ ಹಿಂದಕ್ಕೆ ಬಿದ್ದು, ನಿಂಬೆಹಣ್ಣು ಹಿಡಿದುಕೊಂಡೇ ಕೂತಿದ್ದಳು.

"ಎಲ್ಲಿ?" ಎಂದರು ಇವರು.

"ಎಡಗಡೆ ರೀ."

ತಲೆ ತಿರುಗಿಸಿದರು, ಕಂಡರು, ಬೆವರಿದರು. ಆಮೇಲೆ, "ಧೂಪದ ಹೊಗೇಲಿ ಕಾಣ್ಲಿಲ್ಲ" ಎಂದರು.

"ಹೌದು ಹೌದು, ಹೊಗೆ ಜಾಸ್ತಿ ಆಯ್ತು" ಎಂದ ಸಣ್ಣಪ್ಪ. "ಹೊಗೆ ಮಾರಾಯ್ರೆ, ನಮಗೇ ಕಣ್ಣು ಉರಿತೈತೆ" ಎಂದರು ಗಾಡಿಯೊಳಗಿನವರು. ಗುಡ್ಡಮ್ಮ ಕೂಡ ಸೀರೆ ಕೊಡವಿಕೊಂಡು ಎದ್ದು, "ನಂದೇ ತಪ್ಪು ಬಿಡಪ್ಪ, ನಾನೇ ತಡ ಮಾಡ್ದೆ" ಎಂದಳು. ಇಷ್ಟೊಂದು ಒಳ್ಳೆಯ ಜನರನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಅವರೆಲ್ಲ ನಂಬಿದ್ದು ಇವರ ಕಣ್ಣನ್ನಲ್ಲ, ನನ್ನ ನೋಟ್‌ಬುಕ್ಕನ್ನು. ಇವರು ಮತ್ತೆ ಕೀಲಿ ತಿರುಗಿಸಿದರು. ಒಳಗೆ ಕೂಸು ಅಳಲು ಶುರು ಮಾಡಿತು.

"ತಡೀರಿ" ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಇವತ್ತಿಂದು ಬೆಳಗಿನ ಪಾಠ ಆಗಿಲ್ಲ. ಒಂದೇ ಸಲ ಹೇಳಿ, ಆಮೇಲೆ ಹೋಗಿ."

ಜನಕ್ಕೆ ಖುಷಿಯಾಯಿತು. ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು. ತಮಟೆಯವನೂ ನಿಲ್ಲಿಸಿದ. ಇವರು ನಗುತ್ತ ಸೀಟಿನಿಂದಿಳಿದು ನನ್ನೆದುರು ನಿಂತರು. ನಾನು ಸೆರಗನ್ನು ಎಳೆದು ಮೂಗಿನವರೆಗೆ ಬಾಯಿ ಮುಚ್ಚಿಕೊಂಡೆ. ಅವರ ಎಡಗಡೆಗೆ ಕೈ ಚಾಚಿ ಅಂಗೈ ಬಿಚ್ಚಿದೆ. ಅಂಗೈಯಲ್ಲಿ ಒಂದು ಬೀಜವೂ ಇರಲಿಲ್ಲ.

"ಎಷ್ಟು?"

"ಐದು" ಎಂದರು ಇವರು, ದೊಡ್ಡ ದನಿಯಲ್ಲಿ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಇವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಅಲ್ವಾ? ನಾಲ್ಕು. ಮೂರಾ?" ಮತ್ತೂ ನೋಡಿದರು. ಅಂಗನವಾಡಿಯಲ್ಲಿ ಉತ್ತರ ಬಾರದ ಮಗು ನಿಲ್ಲುವ ಹಾಗೆ ನಿಂತಿದ್ದರು ಅರವತ್ತನಾಲ್ಕು ವರ್ಷದ ಮನುಷ್ಯ. ಕೊನೆಗೆ ಬೇಸರದಿಂದ ಹೇಳಿದರು. "ಆ ಸೆರಗು ತೆಗಿಯೇ, ಕಾಣಲ್ಲ."

ಹೇಳಿದ ಮೇಲೆ ತಾವು ಏನು ಹೇಳಿದೆವೆಂದು ಅವರಿಗೇ ಕೇಳಿಸಿತು. ನಾನು ಖಾಲಿ ಕೈಯನ್ನು ಅವರ ಬಲಗಡೆಗೆ ತಂದು ತೋರಿಸಿದೆ. ಆಮೇಲೆ ಅಲ್ಲೇ, ಎಲ್ಲರ ಮುಂದೆ, ನನ್ನ ತುಟಿಯ ವಿಷಯ, ಕರುಣಾ ಹೇಳಿದ್ದು, ಎಂಟು ದಿನ ನಾನು ಮುಚ್ಚಿಟ್ಟಿದ್ದು ಎಲ್ಲ ಹೇಳಿದೆ. ಹೇಳುವಾಗ ಅಳಲಿಲ್ಲ, ಅದೊಂದು ಪುಣ್ಯ. ಶಿವಶಂಕರ ತಲೆ ಕೆರೆದುಕೊಂಡು, "ಟೀಚರೇ, ನಮಗೂ ಹಂಗೇ ಹೇಳ್ಕೊಡ್ತಿದ್ರಿ. ಅದಕ್ಕೇ ನಂಗೆ ಒಂದನೇ ಕ್ಲಾಸಲ್ಲಿ ಏನೂ ಬರ್ಲಿಲ್ಲ" ಎಂದ. ಯಾರೋ ಕಿಸಕ್ಕೆಂದರು, ಉಳಿದವರು ನೆಲ ನೋಡಿದರು.

ಇವರು ಶಿವಶಂಕರನನ್ನು ಕರೆದು ಕೀಲಿ ಕೊಟ್ಟರು. "ಕೂಸೈತೆ ಗಾಡೀಲಿ. ನಿಧಾನ ಹೋಗು. ಕುಳಿ ಬಂದಲ್ಲಿ ಸೆಕೆಂಡಲ್ಲಿ ಎಳಿಬೇಡ" ಎಂದರು. ಗಾಡಿ ಹೋಯಿತು. ಅದು ತಿರುವಿನಲ್ಲಿ ಎಡಕ್ಕೆ ಹೊರಳುವವರೆಗೆ ನೋಡಿದರು, ಹೊರಳಿದ ಮೇಲೂ ಅದೇ ಕಡೆ ನೋಡುತ್ತ ನಿಂತರು. ಸಣ್ಣಪ್ಪ, ಗುಡ್ಡಮ್ಮ ಒಬ್ಬೊಬ್ಬರಾಗಿ ಮನೆಗೆ ಹೋದರು. ಒಡೆದ ಕುಂಬಳಕಾಯಿಯ ಪಕ್ಕ ನಾವಿಬ್ಬರೇ ಉಳಿದೆವು. ಇವರು ನನ್ನನ್ನು ಹೊಡೆದುಬಿಟ್ಟರೂ ಸರಿಯೇ ಎಂದುಕೊಂಡು ನಿಂತಿದ್ದೆ. ಇವರು ಬಂದು ಜಗಲಿಯಲ್ಲಿ ಕೂತರು.

"ಪುಸ್ತಕದಲ್ಲಿ ಇರೋದು ಪೂರಾ ಸುಳ್ಳಾ?"

"ಪೂರಾ ಸುಳ್ಳು."

"ಗೌರಿ ಹಬ್ಬದ್ದೂ?"

"ಅದೂ."

ಬಿಳಿ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಆಮೇಲೆ, "ನಂಗೆ ನಿಜವಾಗ್ಲೂ ಕಾಣ್ತಾ ಇತ್ತು ಕಣೇ. ಬೀಜ, ಅದರ ಬಣ್ಣ, ಎಲ್ಲಾ ಕಾಣ್ತಾ ಇತ್ತು" ಎಂದರು. ನಾನು ಪಕ್ಕದಲ್ಲಿ ಕೂತೆ. ಎಡಕ್ಕೆ ಕೂತೆನೆಂದು ಆಮೇಲೆ ನೆನಪಾಗಿ, ಎದ್ದು ಬಂದು ಎದುರಿಗೆ ಕೂತೆ.

"ಇಡು" ಎಂದರು.

"ಈಗ್ಲಾ?"

"ಮತ್ಯಾವಾಗ? ಬಾಯಿ ಮುಚ್ಕೊಂಡು ಇಡು."

ಸೆರಗು ಮೂಗಿನವರೆಗೆ ಎಳೆದುಕೊಂಡೆ. ಒಳಗಿಂದ ಡಬ್ಬಿ ತಂದು ಎರಡು ಬೀಜ ಅಂಗೈಯಲ್ಲಿಟ್ಟು ಎಡಗಡೆ ಹಿಡಿದೆ. ಅವರು ನನ್ನ ಮೂಗನ್ನೇ ನೋಡಿದರು. ಎರಡು ಸಲ ಏನೋ ಹೇಳಲು ಹೋಗಿ ನುಂಗಿಕೊಂಡರು. ನನ್ನ ಕೈ ಸೋತಿತು, ಆದರೂ ಇಳಿಸಲಿಲ್ಲ.

"ಕಾಣಲ್ಲ" ಎಂದರು.

ನಾನು ಪೆನ್ನು ತಗೊಂಡು ಹೊಸ ಪುಟದಲ್ಲಿ ದಿನಾಂಕ ಹಾಕಿ, ಸರಿ ಎಂಬ ಕಾಲಮ್ಮಿನಲ್ಲಿ ಒಂದು ಎಂದು ಬರೆದೆ.